ನನ್ನ ತಮ್ಮನೂ ಬೆಳ್ಳಿ ನಳಿಗೆಯ ಬಂದೂಕೂ

ನನ್ನ ತಮ್ಮ ಬಂದೂಕುಗಳನ್ನು ಕಂಡದ್ದೆಲ್ಲ ಒಂದು ಕಿಂಡಿಯಿಂದ. ಸಿನೆಮಾ ಮಂದಿರದ ಮೇಲಿನ ಕೋಣೆಯ ಗೋಡೆಯಲ್ಲಿ, ಅಂಗೈ ಅಗಲದ, ಗಾಜು ಹಾಕಿದ ಕಿಂಡಿ. ಅದರ ಈಚೆಗೆ ಅವನು, ಅವನ ಎರಡು ಯಂತ್ರ, ಸೆಕೆ, ಎಣ್ಣೆಯ ವಾಸನೆ. ಆಚೆಗೆ ಕತ್ತಲೆಯಲ್ಲಿ ಕೂತ ಜನ, ಅವರ ತಲೆಯ ಮೇಲೆ ಹಾದುಹೋಗುವ ಬೆಳಕು, ಕೊನೆಯಲ್ಲಿ ಪರದೆ. ಮಂದಿರದವರೆಲ್ಲ ಅವನನ್ನು ಕಿಂಡಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರನ್ನು ನಾನೊಬ್ಬಳೇ ಬಳಸುತ್ತಿದ್ದೆ, ಅದೂ ಸಿಟ್ಟು ಬಂದಾಗ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನನ್ನು ಅಲ್ಲಿ ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿಸಿದವನು ಅವನೇ. ಆಟ ಶುರುವಾದ ಮೇಲೆ ನನಗೆ ಕೆಲಸವಿರುತ್ತಿರಲಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿ ಅವನ ಕೋಣೆಗೆ ಹೋಗಿ ಮೂಲೆಯ ಡಬ್ಬದ ಮೇಲೆ ಕೂರುತ್ತಿದ್ದೆ. ಬಡಿದಾಟದ ಸಿನೆಮಾ ಬಂದರೆ ಅವನಿಗೆ ಖುಷಿ.

"ಅಕ್ಕ, ಬಾ ಇಲ್ಲಿ, ಈಗ ನೋಡು. ಬೆಳ್ಳಿ ಥರ ಹೊಳಿಯತ್ತೆ, ಉದ್ದ ನಳಿಗೆ. ಒಂದೇ ಕೈಲಿ ಹಿಡಿದು ಹೊಡೀತಾನೆ."

ನಾನು ನೋಡುತ್ತಿದ್ದೆ. "ಅಲ್ಲ ಕಣೋ, ಆಗಿನಿಂದ ಹೊಡೀತಾನೇ ಇದಾನೆ. ಅದರೊಳಗೆ ಎಷ್ಟು ಗುಂಡು ಹಿಡಿಸತ್ತೆ?"

"ಅದನ್ನೆಲ್ಲ ಕೇಳಬಾರದು ಅಕ್ಕ."

"ಯಾಕೆ ಕೇಳಬಾರದು? ಸಕ್ಕರೆ ಡಬ್ಬಿ ಕೂಡ ಒಂದಲ್ಲ ಒಂದಿನ ತಳ ಕಾಣತ್ತೆ."

ಅಷ್ಟರಲ್ಲಿ ಅವನ ಕಣ್ಣು ಪರದೆಯ ಮೂಲೆಗೆ ಹೋಗಿರುತ್ತಿತ್ತು. ನನ್ನ ಜೊತೆ ವಾದಿಸಲು ಪುರಸೊತ್ತು ಇರುತ್ತಿರಲಿಲ್ಲ. ಯಾಕೆಂದರೆ ಒಂದು ಸಿನೆಮಾ ಒಂದೇ ರೀಲಿನಲ್ಲಿ ಇರುವುದಿಲ್ಲ. ಒಂದು ಯಂತ್ರದಲ್ಲಿ ರೀಲು ಮುಗಿಯುವ ಹೊತ್ತಿಗೆ ಪಕ್ಕದ ಯಂತ್ರ ಸರಿಯಾಗಿ ಶುರುವಾಗಬೇಕು, ನೋಡುವವರಿಗೆ ಅದು ಗೊತ್ತೇ ಆಗಬಾರದು. ಅದಕ್ಕಾಗಿ ಚಿತ್ರದ ಮೇಲಿನ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಅದು ಕಂಡ ಕೂಡಲೇ ಎರಡನೆಯ ಯಂತ್ರ ಓಡಿಸಬೇಕು. ಸ್ವಲ್ಪ ಹೊತ್ತಿಗೆ ಇನ್ನೊಂದು ಚುಕ್ಕೆ. ಆಗ ಈ ಯಂತ್ರದ ಬೆಳಕು ಮುಚ್ಚಿ ಅದರ ಬೆಳಕು ತೆರೆಯಬೇಕು. ತಪ್ಪಿದರೆ ಪರದೆ ಬೆಳ್ಳಗಾಗುತ್ತದೆ. ಜನ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುತ್ತಾರೆ. ಆ ಸೀಟಿಯೆಂದರೆ ತಮ್ಮನಿಗೆ ಮೈಮೇಲೆ ಕೆಂಡ ಬಿದ್ದ ಹಾಗೆ. ಬೇರೆ ಮಂದಿರಗಳಲ್ಲಿ ಕೇಳಿದ್ದನಂತೆ. ತನ್ನ ಪರದೆಗೆ ಅದು ಬೀಳಲು ಬಿಡಲಿಲ್ಲ. ಬೀದಿಯಲ್ಲಿ ಯಾರಾದರೂ ಸುಮ್ಮನೆ ಸೀಟಿ ಹಾಕಿದರೂ ಮುಖ ಕಿವುಚುತ್ತಿದ್ದ.

ಹಾಗಾಗಿ ಅವನು ಬಂದೂಕುಗಳನ್ನು ನೋಡಿದ್ದು ಓರೆಗಣ್ಣಿನಲ್ಲಿ. ನೆಟ್ಟ ದೃಷ್ಟಿಯೆಲ್ಲ ಆ ಮೂಲೆಯ ಮೇಲೆ.

ಮುಂದೆ ಮಂದಿರ ಮುಚ್ಚಿತು. ನಾನು ಮನೆಗೆಲಸಕ್ಕೆ ಒಗ್ಗಿಕೊಂಡೆ. ತಮ್ಮ ಒಗ್ಗಲಿಲ್ಲ. ಮದುವೆ ಬೇಡವೆಂದು ಉಳಿದವನು, ಆ ಯಂತ್ರಗಳೇ ಅವನ ಸಂಸಾರ. ಹಜಾರದ ಕಿಟಕಿಯ ಹತ್ತಿರ ನಿಂತು ಬೀದಿಯನ್ನು ನೋಡುತ್ತಿದ್ದ, ಅದೂ ಒಂದು ಮೂಲೆಯನ್ನು. ಊಟಕ್ಕೆ ಕರೆದರೆ ಬರುತ್ತಿದ್ದ, ಕರೆಯದಿದ್ದರೆ ಇಲ್ಲ. ತಲೆ ನರೆತವನಿಗೆ ಹೊಸ ಕೆಲಸ ಯಾರು ಕೊಡುತ್ತಾರೆ ಎಂದು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನಿಗೂ ಗೊತ್ತಿತ್ತು.

ನಮ್ಮ ಮನೆಯ ಹಿಂದಿನ ಬೀದಿ ದಾಟಿದರೆ ತಂತಿಬೇಲಿ. ಬೇಲಿಯ ಆಚೆ ಸಣ್ಣ ವಿಮಾನಗಳು ಇಳಿಯುವ ಮೈದಾನ. ಅಲ್ಲಿ ಹಕ್ಕಿ ಓಡಿಸುವವನು ಬೇಕಾಗಿದ್ದಾನೆಂದು ತರಕಾರಿಯವಳಿಂದ ನನಗೆ ತಿಳಿಯಿತು. ವಿಮಾನ ಇಳಿಯುವಾಗ ಹಕ್ಕಿ ಅಡ್ಡ ಬಂದರೆ ಅದರ ಎಂಜಿನ್ನೇ ಕೆಡುತ್ತದಂತೆ.

"ಹಕ್ಕಿ ಓಡಿಸೋಕೆ ನಾನು ಬೆದರುಗೊಂಬೇನಾ?" ಎಂದ ತಮ್ಮ.

"ಬಂದೂಕು ಕೊಡ್ತಾರಂತೆ ಕಣೋ."

ಅವನು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದ. ಆ ಮಧ್ಯಾಹ್ನವೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ.

ಮೈದಾನವನ್ನು ನೋಡಿಕೊಳ್ಳುವವರು ಒಬ್ಬ ಹೆಂಗಸು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಅವರು ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಸದ್ಯಕ್ಕೆ ಇರಿ. ಮೈದಾನ ತಪಾಸಣೆ ಮಾಡೋರ ವಿಮಾನ ಬರೋದಿದೆ. ಅವತ್ತು ರನ್‌ವೇ ಮೇಲೆ ಒಂದು ಹಕ್ಕಿ ಕೂತಿದ್ರೂ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ. ಮೊದಲೇ ಹೇಳಿರ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ" ಎಂದರಂತೆ.

ಬಂದೂಕಿನ ಕೋಣೆಯ ಬೀಗದ ಕೈ ಇದ್ದದ್ದು ಮೀಸೆ ಎಂಬ ಹಳೆಯ ಸಿಪಾಯಿಯ ಹತ್ತಿರ. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಉಳಿದುಕೊಂಡಿತ್ತು. ಅವನು ಬೀಗ ತೆಗೆದು ಎರಡು ಬಂದೂಕು ತೋರಿಸಿದ. ಒಂದರ ನಳಿಗೆ ಬೆಳ್ಳಿ ಬಣ್ಣ, ಪಕ್ಕದಲ್ಲಿ ಬಳ್ಳಿ ಕೆತ್ತಿದೆ, ಹಿಂಬದಿಯ ಮರ ಕನ್ನಡಿಯಂತೆ. ಯಾರೋ ದೊಡ್ಡವರು ಹಿಂದೆ ಮೈದಾನಕ್ಕೆ ಉಡುಗೊರೆ ಕೊಟ್ಟದ್ದು. ಇನ್ನೊಂದು ಕಪ್ಪಗೆ, ಹಿಂಬದಿಯ ಮರ ಸೀಳಿ ತಂತಿ ಸುತ್ತಿತ್ತು.

"ಯಾವುದು ಬೇಕು?" ಎಂದು ಮೀಸೆ ಕೇಳಿದ. ತಮ್ಮನ ಕೈ ಆಗಲೇ ಬೆಳ್ಳಿಯದರ ಮೇಲಿತ್ತು.

ಮಾರನೆಯ ದಿನ ಊಟದ ಡಬ್ಬಿ ತೆಗೆದುಕೊಂಡು ನಾನು ಬೇಲಿಯ ಹತ್ತಿರ ಹೋದೆ. ನಿಜವಾದ ಬಂದೂಕು ಹೇಗಿರುತ್ತದೆ ಎಂಬ ಕುತೂಹಲ ನನಗೂ ಇತ್ತು. ಅಂಥದ್ದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ತಮ್ಮ ಬೇಲಿಯ ಸಂದಿಯಿಂದ ಹಿಡಿಯ ಕಡೆಯನ್ನು ಈಚೆಗೆ ತೂರಿಸಿದ. ಮುಟ್ಟಿದೆ. ತಣ್ಣಗಿತ್ತು. ಎತ್ತಲು ಹೋದರೆ ಮಣಿಕಟ್ಟು ಸೋತಿತು.

"ಇದನ್ನಾ ಸಿನೆಮಾದವರು ಒಂದೇ ಕೈಲಿ ಹಿಡಿಯೋದು?"

"ಅವರದ್ದು ಮರದ್ದಿರಬೇಕು ಅಕ್ಕ. ಬಣ್ಣ ಬಳಿದಿರ್ತಾರೆ" ಎಂದ, ನೆಲ ನೋಡುತ್ತ. ಬೆಳಿಗ್ಗೆ ಸೊಂಟದ ಹತ್ತಿರ ಹಿಡಿದು ಹೊಡೆಯಲು ಹೋಗಿ ಹಿಂಬದಿ ಪಕ್ಕೆಗೆ ಗುದ್ದಿತ್ತಂತೆ. ಅಂಗಿ ಎತ್ತಿ ತೋರಿಸಿದ. ಬದನೆಕಾಯಿ ಬಣ್ಣ.

"ಗುಂಡು ಎಲ್ಲಿಗೆ ಹೋಯ್ತು?"

"ಗುಂಡೇ ಇಲ್ಲ ಅಕ್ಕ." ಜೇಬಿನಿಂದ ಒಂದು ತೋಟಾ ತೆಗೆದು ತೋರಿಸಿದ. ರಟ್ಟಿನ ಕೊಳವೆ, ತಳಕ್ಕೆ ಹಿತ್ತಾಳೆ. "ಬರೀ ಸದ್ದಿನ ಮದ್ದು. ಹೆದರಿಸೋಕೆ ಅಷ್ಟೆ. ಒಂದು ಹೊಡೆದ್ರೆ ನಳಿಗೆ ಬಗ್ಗಿಸಿ, ಖಾಲಿ ಕೊಳವೆ ಕಿತ್ತು, ಇನ್ನೊಂದು ಹಾಕ್ಬೇಕು. ಇದರಲ್ಲಿ ಕಿತ್ರೂ ಬರಲ್ಲ, ಮೊಳೆ ಹಾಕಿ ಮೀಟ್ಬೇಕು."

ಸದ್ದಾದರೂ ದೊಡ್ಡದಿದೆಯೇ ಎಂದು ಕೇಳಿದೆ. ಆಗ ಅವನು ಹೇಳಿದ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ದಿನ ಮೀಸೆ ಮೈದಾನದ ಆ ತುದಿಯಲ್ಲಿ ನಿಂತು ಹೊಡೆದು ತೋರಿಸಿದನಂತೆ. ನಳಿಗೆಯ ತುದಿಯಲ್ಲಿ ಹೊಗೆ ಎದ್ದಿತು, ಸದ್ದಿಲ್ಲ. ಅಷ್ಟು ದೂರದಿಂದ ಬರಬೇಕಲ್ಲ, ಆಮೇಲೆ ಹಲಗೆ ಬಿದ್ದ ಹಾಗೆ ಒಂದು ಸದ್ದು ಬಂತು. ಸಿನೆಮಾದಲ್ಲಿ ಹೀಗೆ ಚಿತ್ರ ಮುಂದೆ ಹೋಗಿ ಮಾತು ಹಿಂದೆ ಬಿದ್ದರೆ ಯಂತ್ರದೊಳಗೆ ರೀಲು ಬಳಸಿ ಹೋಗುವ ಕುಣಿಕೆಯನ್ನು ಸರಿಮಾಡಬೇಕು. ತಮ್ಮನ ಬಲಗೈ ತಾನಾಗಿಯೇ ಗಾಳಿಯಲ್ಲಿ ಆ ಕುಣಿಕೆಯನ್ನು ಹುಡುಕಿತ್ತು.

"ಏನ್ ಹಿಡೀತಿದೀಯಾ ಹೀರೋ, ನೊಣಾನಾ?" ಎಂದು ಮೀಸೆ ಅಲ್ಲಿಂದಲೇ ಕೂಗಿದನಂತೆ.

ಇವೆಲ್ಲವನ್ನೂ ಸಹಿಸಬಹುದಿತ್ತು, ಹಕ್ಕಿಗಳು ಹೋಗಿದ್ದರೆ. ಆ ಮೈದಾನದಲ್ಲಿ ಹುಲ್ಲು ಕೊಯ್ಯುವ ಯಂತ್ರ ಓಡಾಡಿದಾಗಲೆಲ್ಲ ಹುಳುಗಳು ಮೇಲೆದ್ದು, ಅವುಗಳ ಹಿಂದೆ ಬೆಳ್ಳಕ್ಕಿಗಳ ಹಿಂಡು ಬಂದು ಇಳಿಯುತ್ತಿತ್ತು. ತಮ್ಮ ಹೊಡೆದರೆ ಎದ್ದು, ಒಂದು ಸುತ್ತು ಹಾಕಿ, ರನ್‌ವೇಯ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದವು. ಅಲ್ಲಿಗೆ ನಡೆದು ಹೋಗುವಷ್ಟರಲ್ಲಿ ಮತ್ತೆ ಈಚೆಗೆ. ಕೆಲವು ದಿನ ಕಳೆದ ಮೇಲೆ ಹೊಡೆಯುವುದೂ ಬೇಕಾಗಲಿಲ್ಲ. ಆ ಬೆಳ್ಳಿ ನಳಿಗೆ ಬಿಸಿಲಿಗೆ ಮಿಂಚಿದ್ದು ದೂರದಿಂದಲೇ ಕಂಡು, ಸದ್ದಿಲ್ಲದೆ ಜಾಗ ಬದಲಿಸುತ್ತಿದ್ದವು. ಬೆಳ್ಳಗಿನ ಹಕ್ಕಿ ಬೆಳ್ಳಗಿನ ಬಂದೂಕನ್ನು ಗುರುತು ಹಿಡಿದಿತ್ತು.

ಒಂದು ಮಧ್ಯಾಹ್ನ ಮೀಸೆ ಬೇಲಿಯ ಹತ್ತಿರವೇ ಬಂದು, ನನ್ನೆದುರಿಗೇ ತಮ್ಮನಿಗೆ ಹೇಳಿದ: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆ ಬಂದೂಕು ಫೋಟೋ ತೆಗೆಸ್ಕೊಳ್ಳೋಕೆ ಲಾಯಕ್ಕು. ಇಲ್ಲಿಗೆ ಬಂದವರೆಲ್ಲ ಮೊದಲು ಅದನ್ನೇ ತಗೋತಾರೆ."

"ಮತ್ತೆ ನೀವು ಮೊದಲೇ ಹೇಳಬಾರದಿತ್ತಾ ಅಣ್ಣ?" ಎಂದೆ ನಾನು.

"ಹೇಳಿದ್ರೆ ಕೇಳ್ತಾರಾ ಅಮ್ಮ? ನಾನೇ ಕೇಳಿರಲಿಲ್ಲ" ಎಂದ. ಅವನು ಮೊದಲು ಹಿಡಿದದ್ದೂ ಅದನ್ನೇ ಎಂದು ನಮಗೆ ಗೊತ್ತಾದದ್ದು ಹೀಗೆ.

ತಮ್ಮ ಬೆಳ್ಳಿಯದನ್ನು ಹಿಂದಕ್ಕೆ ಕೊಟ್ಟು ತಂತಿ ಸುತ್ತಿದ ಕಪ್ಪು ಬಂದೂಕು ತಂದ. ಅದು ಹೆಗಲಿಗೆ ಸರಿಯಾಗಿ ಕೂರುತ್ತಿತ್ತು, ಮೊಳೆಯೂ ಬೇಕಿರಲಿಲ್ಲ. ಆದರೆ ಹಕ್ಕಿಗಳ ಮಟ್ಟಿಗೆ ಎರಡೂ ಒಂದೇ. ಎದ್ದವು, ಸುತ್ತಿದವು, ಕೂತವು. ತಪಾಸಣೆಯ ದಿನ ಹತ್ತಿರ ಬರುತ್ತಿತ್ತು. ತಮ್ಮ ಮತ್ತೆ ಕರೆದರೆ ಮಾತ್ರ ಊಟಕ್ಕೆ ಬರತೊಡಗಿದ.

ಮುಂದಿನ ಸಂಗತಿ ನಡೆದದ್ದು ನಾನು ಡಬ್ಬಿ ಒಯ್ದ ಒಂದು ದಿನ. ಹುಲ್ಲು ಕೊಯ್ದು ಹೊತ್ತಾಗಿತ್ತು. ಅವನು ಬೇಲಿಗೆ ಬೆನ್ನು ಕೊಟ್ಟು ಮಗುಚಿದ ಬಕೆಟ್ ಮೇಲೆ ಕೂತಿದ್ದ, ಬಂದೂಕು ತೊಡೆಯ ಮೇಲೆ. ಹಿಂಡು ಎದುರಿಗೇ ಮೇಯುತ್ತಿತ್ತು. ಆದರೆ ಅವನ ಕಣ್ಣು ಹಿಂಡಿನ ಮೇಲಿರಲಿಲ್ಲ.

"ಎಲ್ಲಿ ನೋಡ್ತಿದೀಯೋ? ಹಕ್ಕಿ ಈ ಕಡೆ ಇದಾವೆ."

"ಅಭ್ಯಾಸ ಅಕ್ಕ. ಮೂಲೆ."

ನಾನೂ ಆ ಮೂಲೆ ನೋಡಿದೆ. ಹಿಂಡಿನ ಬಲಕ್ಕೆ, ಎಲ್ಲಕ್ಕಿಂತ ಆಚೆ, ಒಂದು ಕುಂಟ ಬೆಳ್ಳಕ್ಕಿ ಇತ್ತು. ಮೇಯುವುದನ್ನು ಬಿಟ್ಟು ಅದು ಕತ್ತು ಉದ್ದ ಮಾಡಿ ನೆಟ್ಟಗೆ ನಿಂತಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದೂ ಹಾಗೆಯೇ ಕತ್ತು ಎತ್ತಿತು. ಅಷ್ಟೆ, ಇಡೀ ಹಿಂಡು ತಾನಾಗಿಯೇ ಎದ್ದು, ಬೇಲಿ ದಾಟಿ, ದೂರದ ಮರಗಳ ಕಡೆ ಹೋಯಿತು. ಯಾರೂ ಹೊಡೆಯಲಿಲ್ಲ, ಯಾರೂ ಕೂಗಲಿಲ್ಲ.

ತಮ್ಮ ಎದ್ದು ನಿಂತ. "ಒಂದನೇ ಚುಕ್ಕೆ, ಎರಡನೇ ಚುಕ್ಕೆ" ಎಂದು ತನಗೆ ತಾನೇ ಹೇಳಿಕೊಂಡ.

ಅಂದಿನಿಂದ ಅವನು ಪರೀಕ್ಷೆ ಮಾಡತೊಡಗಿದ. ನಾನೂ ಬೇಲಿಯ ಈಚೆಯಿಂದ ನೋಡುತ್ತಿದ್ದೆ, ನನಗೂ ಅದೊಂದು ಹುಚ್ಚು ಹಿಡಿದಿತ್ತು. ಹಕ್ಕಿಗಳು ತಲೆ ತಗ್ಗಿಸಿ ಮೇಯುವಾಗ ಹೊಡೆದರೆ ಸುತ್ತು ಹಾಕಿ ಮತ್ತೆ ಕೂರುತ್ತಿದ್ದವು. ಎರಡನೆಯ ಕತ್ತು ಎದ್ದಾಗ ಹೊಡೆದರೆ ಬೇಲಿ ದಾಟಿ ಹೋದವು ಹೋದವೇ, ಹಿಂದೆ ತಿರುಗುತ್ತಿರಲಿಲ್ಲ. ಇದು ನಮ್ಮ ಮನೆಗಳಲ್ಲಿಯೂ ಹೀಗೇ. ಉಣ್ಣುತ್ತ ಕೂತ ಮಕ್ಕಳನ್ನು ಗದರಿದರೆ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಜರುಗುತ್ತಾರೆ. ಕೈ ತೊಳೆಯಲು ಏಳುತ್ತಿರುವವರನ್ನು ಗದರಿದರೆ ಬೀದಿಗೇ ಓಡುತ್ತಾರೆ.

"ಸರಿ ಕಣೋ, ಆದರೆ ವಿಮಾನ ನಿನ್ನ ಕುಂಟ ಹಕ್ಕಿ ಕತ್ತು ಎತ್ತೋವರೆಗೂ ಆಕಾಶದಲ್ಲಿ ಕಾಯತ್ತಾ?" ಎಂದು ಕೇಳಿದೆ.

ಅವನು ಅದನ್ನೂ ಯೋಚಿಸಿದ್ದ. ಹುಲ್ಲು ಕೊಯ್ಯಲು ಶುರುಮಾಡಿದಲ್ಲಿಂದ ಕತ್ತು ಏಳುವವರೆಗೆ ಒಂದು ರೀಲು ಎಂದು ಲೆಕ್ಕ. ಹೊಟ್ಟೆ ತುಂಬಿದರೆ ಅದು ಮುಗಿಯಿತು. ರೀಲು ಬೇಗ ಮುಗಿಯಬೇಕಾದರೆ ಬೇಗ ಶುರುವಾಗಬೇಕು. ಆದರೆ ತಪಾಸಣೆಯವರು ಬರುವ ಹೊತ್ತಿಗೆ ಮೈದಾನ ಹಸನಾಗಿ ಕಾಣಲೆಂದು ಮೇಡಂ ಕೊನೆಯ ಗಳಿಗೆಯಲ್ಲಿ ಕೊಯ್ಯಿಸುವವರಿದ್ದರು. ಅಂದರೆ ವಿಮಾನ ಬರುವಾಗ ಸರಿಯಾಗಿ ಊಟ ಬಡಿಸಿದ ಹಾಗೆ.

ತಮ್ಮ ಹೋಗಿ, ತಪಾಸಣೆಯ ದಿನ ಬೆಳಕು ಹರಿಯುತ್ತಲೇ ಕೊಯ್ಯಿಸಿ ಎಂದು ಕೇಳಿಕೊಂಡ. ಮೇಡಂ ಪೆನ್ನು ಕೆಳಗಿಟ್ಟು, "ಹಕ್ಕಿಗಳಿಗೂ ಇಂಟರ್ವಲ್ ಇರತ್ತೇನ್ರಿ?" ಎಂದರಂತೆ.

"ಇಂಟರ್ವಲ್ ಅಲ್ಲ ಮೇಡಂ, ರೀಲು ಬದಲಾಗೋದು."

"ನೋಡಿ, ನಿಮ್ಮ ಮಾತು ನನಗೆ ಅರ್ಥ ಆಗಲ್ಲ. ಬೇಗ ಕೊಯ್ಸೋದರಿಂದ ನನಗೇನೂ ನಷ್ಟ ಇಲ್ಲ, ಕೊಯ್ಸ್ತೀನಿ. ಹಕ್ಕಿ ಇರಬಾರದು, ಅಷ್ಟೆ."

ತಪಾಸಣೆಯ ದಿನ ಅವನು ಏನೂ ತಿನ್ನದೆ ಹೋದ. ನಾನು ಡಬ್ಬಿ ಕಟ್ಟಿಕೊಂಡು ಹಿಂದೆಯೇ ಹೋಗಿ ಬೇಲಿಯ ಹತ್ತಿರ ನಿಂತೆ. ನೋಡಿದರೆ ಹುಲ್ಲಿನ ಯಂತ್ರ ನಿಂತಲ್ಲೇ ನಿಂತಿದೆ. ಇಬ್ಬರು ಬಗ್ಗಿ ಹಗ್ಗ ಎಳೆಯುತ್ತಿದ್ದಾರೆ, ಅದು ಕೆಮ್ಮಿ ಸುಮ್ಮನಾಗುತ್ತದೆ. ಅದು ಹೊತ್ತಿಕೊಂಡಾಗ ಬಿಸಿಲು ಏರಿತ್ತು. ಬೆಳ್ಳಕ್ಕಿಗಳು ಎಂದಿನಂತೆ ಬಂದು ಇಳಿದವು. ಕುಂಟ ಹಕ್ಕಿ ತನ್ನ ಮೂಲೆಯಲ್ಲಿ. ಯಂತ್ರದವರು ಕೊಯ್ದು ಮುಗಿಸಿ ಹೊರಟರು. ಹಿಂಡು ಮೇಯುತ್ತಲೇ ಇತ್ತು.

ಆಕಾಶದಲ್ಲಿ ದೂರದಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು.

ಮೇಡಂ ಕಚೇರಿಯ ಮೆಟ್ಟಿಲಿನಿಂದ ಇಳಿದು ಬಂದರು. ಹಿಂದೆ ಮೀಸೆ. "ಹೊಡೀರಿ ಅವನ್ನ" ಎಂದರು ಮೇಡಂ.

"ಈಗಲೇ ಬೇಡ ಮೇಡಂ."

"ಏನ್ರೀ ಬೇಡ? ಸದ್ದು ಕೇಳ್ತಿಲ್ವಾ ನಿಮಗೆ?"

"ಈಗ ಹೊಡೆದ್ರೆ ಎದ್ದು ಸುತ್ತು ಹಾಕ್ತವೆ. ವಿಮಾನದ ಎದುರಿಗೇ ಸುತ್ತು ಹಾಕ್ತವೆ."

"ಹೇಳಿದಷ್ಟು ಮಾಡೋ ಹೀರೋ" ಎಂದ ಮೀಸೆ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ತಮ್ಮ ಬಂದೂಕನ್ನು ಹೆಗಲಿಗೇರಿಸಿದ. ಹೊಡೆಯಲಿಲ್ಲ. ಅವನ ಮುಖ ನನಗೆ ಓರೆಯಾಗಿ ಕಾಣುತ್ತಿತ್ತು. ಕಿಂಡಿಯ ಹತ್ತಿರ ಹೇಗೆ ನಿಲ್ಲುತ್ತಿದ್ದನೋ ಹಾಗೆಯೇ ನಿಂತಿದ್ದ, ಬಾಯಿ ಅರೆತೆರೆದು, ರೆಪ್ಪೆ ಬಡಿಯದೆ. ಮರಗಳ ಮೇಲೆ ವಿಮಾನ ಕಾಣಿಸಿತು. ಮೇಡಂ ಮತ್ತೇನೋ ಹೇಳಲು ಹೊರಟು ಕೈಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡರು. ಡಬ್ಬಿಯ ಹಿಡಿ ನನ್ನ ಬೆರಳನ್ನು ಕುಯ್ಯುತ್ತಿತ್ತು, ಬದಲಿಸಲು ನೆನಪಾಗಲಿಲ್ಲ.

ಕುಂಟ ಹಕ್ಕಿ ಕತ್ತು ಎತ್ತಿತು.

ತಮ್ಮ ಅಲುಗಲಿಲ್ಲ.

ಅದರ ಪಕ್ಕದ್ದು ಕತ್ತು ಎತ್ತಿತು. ತಮ್ಮ ಟ್ರಿಗರ್ ಎಳೆದ. ಟಕ್ ಎಂದಿತು, ಅಷ್ಟೆ. ಹೆಂಚಿನ ಮೇಲೆ ನೀರು ತೊಟ್ಟಿಕ್ಕಿದಷ್ಟೂ ಸದ್ದಿಲ್ಲ. ತೋಟಾ ತೇವ ಹಿಡಿದಿತ್ತೆಂದು ಮೀಸೆ ಆಮೇಲೆ ಹೇಳಿದ. ಪರದೆಯ ಮೇಲೆ ಅಷ್ಟೊಂದು ಬಂದೂಕು ನೋಡಿದ್ದೇವೆ, ತೋಟಾ ತೇವವಾಗಿ ಕೈಕೊಟ್ಟ ಬಂದೂಕನ್ನು ಒಂದು ಸಲವೂ ಕಂಡಿರಲಿಲ್ಲ. ನಳಿಗೆ ಬಗ್ಗಿಸಿ ಬೇರೆ ಹಾಕಲು ಹೊತ್ತಿರಲಿಲ್ಲ. ಎರಡನೆಯ ಚುಕ್ಕೆ ಕಂಡಾಗಿತ್ತು.

ತಮ್ಮ ಬಂದೂಕನ್ನು ಎಡಗೈಗೆ ಜಾರಿಸಿ, ಬಲಗೈಯ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ.

ಅಂಥ ಸೀಟಿಯನ್ನು ನಾನು ಹೆಂಗಸರ ಬಾಗಿಲಲ್ಲಿ ನಿಂತ ಅಷ್ಟೂ ಕಾಲದಲ್ಲಿ ಕೇಳಿರಲಿಲ್ಲ. ಎಲ್ಲಿ ಕಲಿತಿದ್ದನೋ, ಯಾವಾಗ ಕಲಿತಿದ್ದನೋ. ಹಿಂಡು ಒಂದೇ ಬಟ್ಟೆ ಝಾಡಿಸಿದ ಹಾಗೆ ಎದ್ದಿತು. ಸುತ್ತು ಹಾಕಲಿಲ್ಲ. ನನ್ನ ತಲೆಯ ಮೇಲೆಯೇ ಬೇಲಿ ದಾಟಿ ಹೋಯಿತು, ಕುಂಟ ಹಕ್ಕಿ ಕೊನೆಯಲ್ಲಿ, ಕಾಲು ಇಳಿಬಿಟ್ಟುಕೊಂಡು. ಖಾಲಿ ರನ್‌ವೇಯ ಮೇಲೆ ವಿಮಾನ ಇಳಿದು, ಓಡಿ, ನಿಂತಿತು.

ಆಮೇಲೆ ಮೇಡಂ, "ಇನ್ನು ಮೇಲೆ ಹುಲ್ಲು ಕೊಯ್ಯೋ ಹೊತ್ತು ನೀವೇ ಹೇಳಿ. ಯಂತ್ರ ರಿಪೇರಿ ಮಾಡ್ಸೋದು ನನ್ನ ಕೆಲಸ" ಎಂದು, ಸೀರೆಯ ಸೆರಗು ಸರಿಮಾಡಿಕೊಂಡು ತಪಾಸಣೆಯವರ ಕಡೆ ಹೋದರು. ಇನ್ನು ಮೇಲೆ ಎಂಬ ಮಾತು ತಮ್ಮನ ಕಿವಿಗೆ ಬಿತ್ತೋ ಇಲ್ಲವೋ ಎಂದು ನಾನು ಅವನ ಮುಖ ನೋಡಿದೆ. ಬಿದ್ದಿತ್ತು. ಬೇಲಿಯ ಹತ್ತಿರ ಬಂದು, "ಡಬ್ಬಿ ಕೊಡಕ್ಕ, ಹಸಿವಾಗ್ತಿದೆ" ಎಂದ. ನಾನು ಕರೆದಿರಲಿಲ್ಲ.

ಈಗಲೂ ಅವನು ಅಲ್ಲೇ ಇದ್ದಾನೆ. ನಿಯಮ ಇರುವುದರಿಂದ ಕಪ್ಪು ಬಂದೂಕನ್ನು ದಿನವೂ ಹೆಗಲಿಗೆ ಹಾಕಿಕೊಳ್ಳುತ್ತಾನೆ, ಮೋಡವಿಲ್ಲದ ದಿನ ಕೊಡೆ ಒಯ್ದ ಹಾಗೆ. ವಾರಕ್ಕೊಮ್ಮೆ ಎಣ್ಣೆಬಟ್ಟೆ ತುರುಕಿ ನಳಿಗೆ ಒರೆಸುತ್ತಾನೆ. ಬೆಳ್ಳಿಯದು ಗೂಟದ ಮೇಲಿದೆ. ಹೊಸಬರು ಬಂದರೆ ಅದನ್ನು ಹಿಡಿದು ಫೋಟೋ ತೆಗೆಸಿಕೊಳ್ಳಲು ಮೀಸೆ ಬಿಡುತ್ತಾನಂತೆ.

ಮೊನ್ನೆ ರಜೆಯ ಮಧ್ಯಾಹ್ನ ಇಬ್ಬರೂ ಟಿವಿಯ ಮುಂದೆ ಕೂತಿದ್ದೆವು. ಬಡಿದಾಟದ ಸಿನೆಮಾ. ಎತ್ತರದ ಆಳೊಬ್ಬ ಒಂದೇ ಕೈಯಲ್ಲಿ ಬೆಳ್ಳಿ ಬಂದೂಕು ಎತ್ತಿ ಹೊಡೆದ. ಹಿಂದಿನ ಮರದಿಂದ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿಹೋದವು.

"ನೋಡೋ, ಅವನದ್ದಕ್ಕೆ ಹೇಗೆ ಹೆದರಿದವು" ಎಂದೆ, ಕೆಣಕಲೆಂದೇ.

ತಮ್ಮ ಆ ಆಳನ್ನು ನೋಡಿರಲಿಲ್ಲ. ಅವನ ಕಣ್ಣು ಟಿವಿಯ ಬಲಮೂಲೆಯಲ್ಲಿತ್ತು. "ಅವು ಆಗಲೇ ಹೊರಟಿದ್ದವು ಅಕ್ಕ. ಕೊಂಬೆ ತುದೀಲಿ ಒಂದು ಮೊದಲೇ ಕತ್ತು ಎತ್ತಿತ್ತು. ನೀನು ನೋಡಲಿಲ್ಲವಾ?"

ನಾನು ಬಂದೂಕನ್ನು ನೋಡುತ್ತಿದ್ದೆ, ಹಕ್ಕಿಯನ್ನು ನೋಡಿರಲಿಲ್ಲ. ಆ ದೃಶ್ಯ ಇನ್ನೊಮ್ಮೆ ಬಂದರೆ ನೋಡಬೇಕು ಎಂದುಕೊಂಡು ಕೊನೆಯವರೆಗೆ ಕೂತೆ. ಬರಲಿಲ್ಲ.